ಸೇತುವೆ ಅರ್ಧಕ್ಕೆ ನಿಂತರೆ ಎಲ್ಲಿ ನೋಡಬೇಕು? ನದಿಯ ಮೇಲಿನ ತೆರೆಯುವ ರೈಲ್ವೆ ಸೇತುವೆಗಳ ದೋಷ ನಿವಾರಣೆ

ಕೆಳಗೆ ಟಗ್ ದೋಣಿ ಬಾರ್ಜ್‌ಗಳನ್ನು ತಳ್ಳಿಕೊಂಡು ಬರುತ್ತಿದೆ. ಮೇಲೆ ಗೂಡ್ಸ್ ಗಾಡಿಯೊಂದು ಇನ್ನು ಅರ್ಧ ಗಂಟೆಯಲ್ಲಿ ಬರಲಿದೆ. ನೀವು ಕ್ಯಾಬಿನ್‌ನಲ್ಲಿ ಕೂತು ಸೇತುವೆ ತೆರೆಯುವ ಬಟನ್ ಒತ್ತಿದಿರಿ. ಏನೂ ಆಗಲಿಲ್ಲ. ಮತ್ತೆ ಒತ್ತಿದಿರಿ. ಆಗಲೂ ಇಲ್ಲ. ದಯವಿಟ್ಟು ಮೂರನೇ ಸಲ ಒತ್ತಬೇಡಿ.

ಸೇತುವೆಯ ತುದಿಯನ್ನು ಎತ್ತಿ ಹಿಡಿಯುವ ಬೆಣೆ ಎಲ್ಲೋ ಸಿಕ್ಕಿಕೊಂಡಿದ್ದರೆ, ಒತ್ತಿದಷ್ಟೂ ಅದು ಇನ್ನೂ ಬಿಗಿಯಾಗುತ್ತದೆ. ಮೋಟರ್ ಬಿಸಿಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಸೇತುವೆ ಮೊದಲು ಎಲ್ಲಿ ನಿಂತಿತ್ತು ಅನ್ನುವ ಗುರುತೇ ಅಳಿಸಿಹೋಗುತ್ತದೆ. ಆ ಗುರುತಿಗಿಂತ ದೊಡ್ಡ ಸುಳಿವು ನಮಗೆ ಬೇರೆ ಸಿಗುವುದಿಲ್ಲ. ಪ್ಯಾನೆಲ್ ಮೇಲಿನ ದೀಪಗಳು ಹೇಗಿವೆಯೋ ಹಾಗೇ ಒಂದು ಫೋಟೊ ತೆಗೆದುಕೊಳ್ಳಿ. ಆಮೇಲೆ ಕುರ್ಚಿಯಿಂದ ಎದ್ದೇಳಿ.

ಮೊದಲು ದೋಣಿಗೆ ತಿಳಿಸಿ

ದೋಷ ಹುಡುಕುವ ಉತ್ಸಾಹದಲ್ಲಿ ದೋಣಿಯನ್ನು ಮರೆತುಬಿಡುವುದು ತೀರಾ ಸಾಮಾನ್ಯ. ತುಂಬಿದ ಬಾರ್ಜ್‌ಗಳನ್ನು ತಳ್ಳುವ ಟಗ್‌ಗೆ ಲಾರಿಯಂತೆ ಬ್ರೇಕ್ ಇಲ್ಲ. ನೀರಿನ ಸೆಳೆತ ಹಿಂದಿನಿಂದ ಇದ್ದರಂತೂ ನಿಲ್ಲಲು ಬಹಳ ದೂರ ಬೇಕು. ಹಾಗಾಗಿ ಕಾರಣ ಗೊತ್ತಾಗುವ ತನಕ ಕಾಯದೆ, ತೆರೆಯುತ್ತಿಲ್ಲ ಅನ್ನುವುದನ್ನು ಕೂಡಲೇ ಹೇಳಬೇಕು.

ಅಮೆರಿಕದ ನದಿಗಳಲ್ಲಿ ಇದಕ್ಕೆ ನಿಯಮವೇ ಇದೆ. ಸೇತುವೆ ತೆರೆಯಿರಿ ಅನ್ನಲು ದೋಣಿ ಒಂದು ಉದ್ದ, ಒಂದು ಚಿಕ್ಕ ಹಾರ್ನ್ ಹೊಡೆಯುತ್ತದೆ. ಕೂಡಲೇ ತೆರೆಯಲು ಆಗುವುದಾದರೆ ಸೇತುವೆಯವರು 30 ಸೆಕೆಂಡಿನ ಒಳಗೆ ಅದೇ ರೀತಿ ಉತ್ತರಿಸಬೇಕು. ಆಗದಿದ್ದರೆ ಬೇಗ ಬೇಗ ಐದು ಚಿಕ್ಕ ಹಾರ್ನ್. ಬಹಳ ಕಡೆ ವಿಎಚ್‌ಎಫ್ ರೇಡಿಯೊ 13ನೇ ಚಾನೆಲ್‌ನಲ್ಲಿ ಮಾತಾಡುತ್ತಾರೆ. ರೇಡಿಯೊದಲ್ಲಿ ಮಾತು ಮುಗಿದರೂ ಆ ಐದು ಹಾರ್ನ್ ಹೊಡೆಯುವುದು ಒಳ್ಳೆಯದು, ಯಾಕೆಂದರೆ ಹಿಂದೆ ಬರುತ್ತಿರುವ ಇನ್ನೊಂದು ದೋಣಿ ನಿಮ್ಮ ಚಾನೆಲ್ ಕೇಳುತ್ತಿಲ್ಲದೆ ಇರಬಹುದು.

"ಐದು ನಿಮಿಷ" ಎಂದು ಮಾತ್ರ ಹೇಳಬೇಡಿ. ಆ ಮಾತು ನಂಬಿ ನಾವಿಕ ನಿಧಾನವಾಗಿ ಮುಂದೆ ಬರುತ್ತಲೇ ಇರುತ್ತಾನೆ. "ತೆರೆಯಲು ಆಗುತ್ತಿಲ್ಲ, ಹಿಂದೆಯೇ ನಿಲ್ಲಿ, ಸರಿಯಾದ ಮೇಲೆ ನಾನೇ ಕರೆಯುತ್ತೇನೆ" ಅಂದರೆ ಅವನಿಗೆ ತೀರ್ಮಾನ ಸುಲಭ. ಆಮೇಲೆ ರೈಲು ಕಂಟ್ರೋಲರ್‌ಗೆ ತಿಳಿಸಿ, ಸಿಗ್ನಲ್‌ಗಳನ್ನು ಕೆಂಪಿನಲ್ಲೇ ಹಿಡಿದಿಡಲು ಹೇಳಿ. ಇವೆರಡೂ ಆದ ಮೇಲೆ ಟೂಲ್ ಬ್ಯಾಗ್ ಮುಟ್ಟಿ.

ಯಾವ ಮೆಟ್ಟಿಲಲ್ಲಿ ನಿಂತಿತು?

ತೆರೆಯುವ ಸೇತುವೆ ಒಂದೇ ಯಂತ್ರ ಅಂದುಕೊಂಡರೆ ದೋಷ ಸಿಗುವುದಿಲ್ಲ. ಅದು ಸಾಲಾಗಿ ನಡೆಯುವ ಸಣ್ಣ ಸಣ್ಣ ಕೆಲಸಗಳ ಸರಪಳಿ. ನದಿ ಮಧ್ಯದ ಕಂಬದ ಮೇಲೆ ಪಕ್ಕಕ್ಕೆ ತಿರುಗಿ ದೋಣಿಗೆ ದಾರಿ ಬಿಡುವ ಸೇತುವೆಯನ್ನೇ ತೆಗೆದುಕೊಳ್ಳಿ. ಕಂಟ್ರೋಲರ್ ಅನುಮತಿ ಕೊಡುತ್ತಾರೆ. ಸಿಗ್ನಲ್ ಕೆಂಪಾಗುತ್ತದೆ. ಟೈಮರ್ ಓಡಿ ಮುಗಿಯುತ್ತದೆ. ಹಳಿಯ ತುದಿಗಳನ್ನು ಹಿಡಿದ ಅಗುಳಿ ಹಿಂದಕ್ಕೆ ಬರುತ್ತದೆ. ಸ್ಪ್ಯಾನಿನ, ಅಂದರೆ ಸೇತುವೆಯ ಚಲಿಸುವ ಭಾಗದ, ತುದಿಗಳ ಕೆಳಗಿನ ಬೆಣೆಗಳು ಹೊರಬರುತ್ತವೆ. ನಡುವಿನ ಚಿಲಕ ಮೇಲೇಳುತ್ತದೆ. ಬ್ರೇಕ್ ಬಿಡುತ್ತದೆ. ಕೊನೆಗೆ ಮೋಟರ್ ಸ್ಪ್ಯಾನನ್ನು ತಿರುಗಿಸುತ್ತದೆ. ಒಂದು ಮುಗಿದಿದೆ ಅನ್ನುವ ಸಾಕ್ಷಿ ಸಿಗದೆ ಮುಂದಿನದು ಶುರುವಾಗುವುದಿಲ್ಲ. ಮುಚ್ಚುವಾಗ ಇದೇ ಸರಪಳಿ ಹಿಂದುಮುಂದಾಗಿ ನಡೆಯುತ್ತದೆ.

ಆದ್ದರಿಂದ ಮೊದಲ ಪ್ರಶ್ನೆ ಏನು ಕೆಟ್ಟಿದೆ ಅನ್ನುವುದಲ್ಲ, ಯಾವ ಮೆಟ್ಟಿಲು ಮುಗಿದಿಲ್ಲ ಅನ್ನುವುದು. ಬೆಣೆ ಹೊರಬಂದ ದೀಪ ಹತ್ತಿಲ್ಲ ಅಂದರೆ, ತಿರುಗಿಸುವ ಮೋಟರ್ ಹತ್ತಿರ ಹೋಗಿ ಮೀಟರ್ ಹಿಡಿಯುವುದು ಸುಮ್ನೆ ಸಮಯ ಹಾಳು. ಅದಕ್ಕಿನ್ನೂ ಸರದಿಯೇ ಬಂದಿಲ್ಲ.

ಮೆಟ್ಟಿಲು ಗೊತ್ತಾದ ಮೇಲೆ ಮೂರು ವಿಷಯ ನೋಡುತ್ತೇನೆ. ಕಾಂಟ್ಯಾಕ್ಟರ್, ಅಂದರೆ ಮೋಟರ್‌ಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್, ಎಳೆಯಿತೇ? ಎಳೆಯದಿದ್ದರೆ ತೊಂದರೆ ಕಂಟ್ರೋಲ್ ಕಡೆಗಿದೆ, ಅಂದರೆ ಹಿಂದಿನ ಮೆಟ್ಟಿಲಿನ ಸಾಕ್ಷಿ ಬಂದಿಲ್ಲ. ಎಳೆದರೂ ಮೋಟರ್ ಗುಂಯ್‌ಗುಟ್ಟಿ ನಿಂತಲ್ಲೇ ನಿಂತಿದೆಯೇ? ಒಂದು ಫೇಸ್ ಹೋಗಿರಬಹುದು, ಇಲ್ಲವೆ ಬ್ರೇಕ್ ಬಿಟ್ಟಿಲ್ಲ. ಮೋಟರ್ ತಿರುಗಿ, ಕರೆಂಟ್ ಏರುತ್ತಾ ಹೋಗಿ ಓವರ್‌ಲೋಡ್ ರಿಲೇ ಟ್ರಿಪ್ ಆಗಿ ಕರೆಂಟ್ ಕಡಿಯಿತೇ? ಹಾಗಿದ್ದರೆ ಕಬ್ಬಿಣ ಎಲ್ಲೋ ಸಿಕ್ಕಿಕೊಂಡಿದೆ. ಆಗ ರಿಲೇ ಸೆಟ್ಟಿಂಗ್ ಏರಿಸುವುದು ಪರಿಹಾರವಲ್ಲ. ಅದು ಕೆಟ್ಟ ಅಭ್ಯಾಸ, ಹಾಗೆ ಮಾಡಿ ಗೇರಿನ ಹಲ್ಲು ಮುರಿದುಕೊಂಡವರಿದ್ದಾರೆ.

ಏನೂ ಶುರುವಾಗುತ್ತಲೇ ಇಲ್ಲ

ಇದು ಹೆಚ್ಚಿನ ಸಲ ದೋಷವೇ ಅಲ್ಲ. ಸಿಗ್ನಲ್ ಕೆಂಪಾದ ಕೂಡಲೇ ಅಗುಳಿ ಬಿಡುವುದಿಲ್ಲ. ಆಗಲೇ ಹಸಿರು ನೋಡಿ ಬರುತ್ತಿದ್ದ ಗಾಡಿ ನಿಲ್ಲಲು ಸಮಯ ಬೇಕಲ್ವಾ? ಅದಕ್ಕೇ ಟೈಮರ್ ಇದೆ. ಅದು ಕೆಲವು ನಿಮಿಷ ಓಡುತ್ತದೆ. ಅವಸರದಲ್ಲಿ ಮಧ್ಯೆ ರೀಸೆಟ್ ಮಾಡಿದರೆ ಮತ್ತೆ ಮೊದಲಿನಿಂದ ಎಣಿಸುತ್ತದೆ. ಕಾಯಿರಿ.

ಟೈಮರ್ ಮುಗಿದೂ ಬಿಡದಿದ್ದರೆ ಟ್ರ್ಯಾಕ್ ಸರ್ಕ್ಯೂಟ್ ನೋಡಿ, ಅಂದರೆ ಹಳಿಯಲ್ಲೇ ಕರೆಂಟ್ ಹರಿಸಿ ಗಾಡಿ ಇದೆಯೇ ಎಂದು ತಿಳಿಯುವ ಸರ್ಕ್ಯೂಟ್. ಗಾಡಿ ಇಲ್ಲದಿದ್ದರೂ "ಹಳಿಯ ಮೇಲೆ ಗಾಡಿ ಇದೆ" ಎಂದು ತೋರಿಸುತ್ತಿರಬಹುದು. ಎರಡು ದಿನ ಮಳೆ ಹಿಡಿದರೆ ಜಲ್ಲಿ ನೆನೆದು, ಒಂದು ಹಳಿಯಿಂದ ಇನ್ನೊಂದಕ್ಕೆ ಕರೆಂಟ್ ಸೋರಿ, ರಿಲೇಗೆ ಸಾಕಷ್ಟು ವೋಲ್ಟೇಜ್ ಸಿಗುವುದಿಲ್ಲ. ಹಳಿಗೆ ಬೆಸೆದ ಬಾಂಡ್ ವೈರ್ ತುಂಡಾಗಿದ್ದರೂ ಹೀಗೇ ಆಗುತ್ತದೆ. ಇನ್ನೊಂದು, ಕಣ್ಣಿಗೆ ಬೀಳದ ಕಳ್ಳ: ಒಂದು ಹಳಿ ತುಂಡಿನಿಂದ ಮುಂದಿನದಕ್ಕೆ ಕರೆಂಟ್ ದಾಟದಂತೆ ತಡೆಯುವ ಇನ್ಸುಲೇಟೆಡ್ ಜಾಯಿಂಟ್ ಮೇಲೆ ಗಾಲಿ ಸವೆದು ಬಿದ್ದ ಕಬ್ಬಿಣದ ಚೂರು. ಕೂದಲಿನಷ್ಟು ತೆಳ್ಳಗಿನ ಒಂದು ಎಳೆ ಸಾಕು. ಬ್ರಷ್‌ನಿಂದ ಉಜ್ಜಿ ತೆಗೆದರೆ ದೀಪ ತಾನೇ ಹೋಗುತ್ತದೆ.

ಪವರ್ ಪೂರ್ತಿ ಇಲ್ಲವೇ? ತಿರುಗುವ ಸೇತುವೆಯ ಯಂತ್ರಗಳು ನದಿ ಮಧ್ಯದ ಕಂಬದ ಮೇಲಿರುತ್ತವೆ. ಅಲ್ಲಿಗೆ ಕರೆಂಟ್ ಹೋಗುವುದು ಸಾಮಾನ್ಯವಾಗಿ ನದಿಯ ತಳದ ಕೇಬಲ್‌ನಲ್ಲಿ. ಯಾರದೋ ಲಂಗರು ಅದನ್ನು ಎಳೆದಿರಬಹುದು. ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ ಒಂದೊಂದೇ ತಂತಿ ಅಳೆಯಿರಿ. ಆದರೆ ಅದಕ್ಕೂ ಮೊದಲು ಕಂಬದ ಮೇಲಿನ ಜಂಕ್ಷನ್ ಬಾಕ್ಸ್ ತೆಗೆದು ನೋಡಿ, ಅಲ್ಲಿ ನೀರು ಕಟ್ಟಿಕೊಂಡಿರುವುದೇ ಜಾಸ್ತಿ.

ಬ್ರೇಕ್

ಬ್ರೇಕ್ ಸ್ಪ್ರಿಂಗ್‌ನಿಂದ ಹಿಡಿಯುತ್ತದೆ, ಕರೆಂಟ್ ಬಂದಾಗ ಬಿಡುತ್ತದೆ. ಬಿಡದಿದ್ದರೆ ಮೋಟರ್ ಗುಂಯ್‌ಗುಟ್ಟುತ್ತದೆ, ಟ್ರಿಪ್ ಆಗುತ್ತದೆ. ಅದು ತಕ್ಷಣ ಗೊತ್ತಾಗುವ ದೋಷ. ಅದರ ಉಲ್ಟಾ ಪ್ರಕರಣ ನನಗೆ ಹೆಚ್ಚು ಭಯ ತರುತ್ತದೆ. ರಿಪೇರಿಗೆ ಬಂದವರು ಬ್ರೇಕನ್ನು ಕೈಲಿವರ್‌ನಿಂದ ಬಿಡಿಸಿ, ಮರೆತು ಹೋಗಿರುತ್ತಾರೆ. ಪ್ಯಾನೆಲ್‌ನಲ್ಲಿ ಎಲ್ಲವೂ ಸರಿಯಾಗಿರುತ್ತದೆ, ಗಾಳಿ ಬೀಸುವ ತನಕ. ತೆರೆದು ನಿಂತ ಸ್ಪ್ಯಾನ್ ತಾನಾಗಿ ತಿರುಗತೊಡಗಿದರೆ, ಕೆಳಗೆ ದೋಣಿ ಹೋಗುತ್ತಿರುವಾಗ ಏನಾಗಬಹುದು ಯೋಚಿಸಿ. ಯಾವುದೇ ರಿಪೇರಿ ನಂತರ ಕೈಲಿವರ್‌ಗಳನ್ನು ಮುಟ್ಟಿ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಮುಚ್ಚಿದೆ, ಆದರೆ ಸಿಗ್ನಲ್ ಬರುತ್ತಿಲ್ಲ

ಇಲ್ಲಿ ನಿಧಾನವಾಗಿ ಓದಿ. ತೆರೆಯದ ಸೇತುವೆಯಿಂದ ದೋಣಿಗೆ ತಡವಾಗುತ್ತದೆ. ಪೂರ್ತಿ ತೆರೆದು ನಿಂತ ಸೇತುವೆಯಿಂದ ರೈಲಿಗೆ ತಡವಾಗುತ್ತದೆ. ಮುಚ್ಚಿದಂತೆ ಕಂಡರೂ ಪೂರ್ತಿ ಕೂರದ ಸೇತುವೆ ಜನರನ್ನು ಕೊಲ್ಲಬಲ್ಲದು.

ಒಂದು ರಾತ್ರಿ ನನ್ನನ್ನು "ಸಿಗ್ನಲ್ ಕೆಟ್ಟಿದೆ" ಎಂದು ಕರೆಸಿದ್ದರು. ತಿರುಗುವ ಸೇತುವೆ. ಮುಚ್ಚಿತ್ತು. ಪ್ಯಾನೆಲ್‌ನಲ್ಲಿ ಬೆಣೆ ಕೂತಿದೆ, ಅಗುಳಿ ಕೂತಿದೆ, ಎರಡಕ್ಕೂ ಹಸಿರು ದೀಪ. ಸಿಗ್ನಲ್ ಮಾತ್ರ ಕೆಂಪು ಬಿಡುತ್ತಿಲ್ಲ. ಆಗಲೇ ಎರಡು ಗಂಟೆ ರಿಲೇ ರೂಮಿನಲ್ಲಿ ಹುಡುಕಿದ್ದರು. ನಾನು ಟಾರ್ಚ್ ಹಿಡಿದು ಸ್ಪ್ಯಾನಿನ ತುದಿಗೆ ಹೋಗಿ, ಹಳಿಯ ಪಕ್ಕ ಮಂಡಿಯೂರಿ ನೋಡಿದೆ. ಅಗುಳಿಯ ಮೈಮೇಲೆ ಹಳೇ ಗ್ರೀಸ್ ಕಪ್ಪಗೆ ಕಟ್ಟಿತ್ತು. ಆದರೆ ದಿನಾ ಗೂಡಿನೊಳಗೆ ಹೋಗಿ ಬರುವ ಭಾಗ ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಹೊಳಪು ಎರಡು ಬೆರಳಷ್ಟು ಗೂಡಿನ ಹೊರಗೇ ಉಳಿದಿತ್ತು. ಅಂದರೆ ಅಗುಳಿ ಅಂದು ಪೂರ್ತಿ ಹೋಗಿರಲಿಲ್ಲ. ಗೂಡಿನ ತಳದಲ್ಲಿ ಜಲ್ಲಿಕಲ್ಲೊಂದು ಕೂತಿತ್ತು. ಪ್ಯಾನೆಲ್ ದೀಪಕ್ಕೆ ಸುದ್ದಿ ಕೊಡುವ ಲಿಮಿಟ್ ಸ್ವಿಚ್‌ನ ತೋಳು, ಸ್ಕ್ರೂ ಸಡಿಲವಾಗಿ, ತನ್ನ ಶಾಫ್ಟ್ ಮೇಲೆ ಜಾರಿತ್ತು. ಸಿಗ್ನಲ್‌ಗೆ ಬೇರೆಯೇ ಸ್ವಿಚ್ ಇತ್ತು. ಅದು ಸರಿಯಾಗೇ ಇತ್ತು. ಅಷ್ಟೂ ಹೊತ್ತು ನಿಜ ಹೇಳುತ್ತಿದ್ದದ್ದು ಆ ಕೆಂಪು ದೀಪ ಒಂದೇ, ಮತ್ತು ಎಲ್ಲರೂ ರಿಪೇರಿ ಮಾಡಲು ಹೊರಟಿದ್ದದ್ದು ಅದನ್ನೇ.

ಅಂದಿನಿಂದ ನನ್ನ ಕ್ರಮ ಹೀಗೆ. ಸಿಗ್ನಲ್ ಕೆಂಪು ಬಿಡದಿದ್ದರೆ, ಸೇತುವೆ ಕೂತಿಲ್ಲ ಎಂದೇ ಮೊದಲು ನಂಬುತ್ತೇನೆ. ಕೂತಿದೆ ಎಂದು ಕಣ್ಣಾರೆ ಕಂಡ ಮೇಲೆ ವೈರಿಂಗ್ ಕಡೆ ತಿರುಗುತ್ತೇನೆ.

ಎಷ್ಟು ಕೂತರೆ ಕೂತ ಹಾಗೆ? ಅಮೆರಿಕದ ರೈಲ್ವೆ ನಿಯಮದಲ್ಲಿ ಅಳತೆ ಸ್ಪಷ್ಟವಾಗಿದೆ. ಅಗುಳಿ ತನ್ನ ಸರಿಯಾದ ಜಾಗದಿಂದ 1 ಇಂಚಿನ ಒಳಗಿರಬೇಕು. ಸ್ಪ್ಯಾನಿನ ಹಳಿ ಎತ್ತರದಲ್ಲೂ ಸಾಲಿನಲ್ಲೂ ಒಂದು ಇಂಚಿನ ಎಂಟರಲ್ಲಿ ಮೂರು ಭಾಗದ ಒಳಗೆ, ಅಂದರೆ ಸುಮಾರು 9.5 ಮಿ.ಮೀ. ಒಳಗೆ ಇರಬೇಕು. ಅದಾದ ಮೇಲೇ ಸಿಗ್ನಲ್ ಹಸಿರಾಗಬಹುದು. ನಿಮ್ಮ ಕಡೆಯ ಅಳತೆ ಬೇರೆ ಇರಬಹುದು. ಏನೇ ಇರಲಿ, ಅದನ್ನು ಅಗುಳಿಯ ಮೇಲೇ ಬಿಳಿ ಪೇಂಟ್ ಗೆರೆಯಾಗಿ ಎಳೆದಿಡಿ. ರಾತ್ರಿ ಟಾರ್ಚ್ ಬೆಳಕಲ್ಲಿ ಗೆರೆ ಕಂಡರೆ ಕೂತಿಲ್ಲ, ಕಾಣದಿದ್ದರೆ ಕೂತಿದೆ. ಇದಕ್ಕೆ ಮೀಟರೂ ಬೇಡ, ಅನುಭವವೂ ಬೇಡ.

ಅನುಭವದ ಮಾತು ತೆಗೆದದ್ದಕ್ಕೆ ಕಾರಣವಿದೆ. 2012ರ ನವೆಂಬರ್ 30ರ ಬೆಳಗ್ಗೆ ಅಮೆರಿಕದ ನ್ಯೂಜೆರ್ಸಿಯ ಪಾಲ್ಸ್‌ಬರೊದಲ್ಲಿ ಗೂಡ್ಸ್ ಗಾಡಿಯೊಂದಕ್ಕೆ ಮಾಂಟುವಾ ಹೊಳೆಯ ತಿರುಗುವ ಸೇತುವೆ ಮುಂದೆ ಕೆಂಪು ಸಿಗ್ನಲ್ ಸಿಕ್ಕಿತು. ಎಷ್ಟು ಸಲ ಪ್ರಯತ್ನಿಸಿದರೂ ಹಸಿರಾಗಲಿಲ್ಲ. ಕಂಡಕ್ಟರ್ ಇಳಿದು ಸೇತುವೆ ನೋಡಿ ಬಂದರು. ಅಗುಳಿ ಕೂತಿದೆ ಎಂದು ಅವರಿಗೆ ಅನಿಸಿತು. ಕೆಂಪು ದಾಟಲು ಅನುಮತಿ ಸಿಕ್ಕಿತು. ಮುಂದಿನ ಕೆಲವು ವ್ಯಾಗನ್‌ಗಳು ದಾಟುವಷ್ಟರಲ್ಲಿ ಸ್ಪ್ಯಾನ್ ಸರಿಯಿತು. ಏಳು ವ್ಯಾಗನ್‌ಗಳು ಹಳಿ ತಪ್ಪಿದವು, ಒಂದು ಟ್ಯಾಂಕ್ ಒಡೆದು ವಿನೈಲ್ ಕ್ಲೋರೈಡ್ ಅನಿಲ ಊರಿಗೆ ಹರಡಿತು. ಅಗುಳಿಗಳು ಪೂರ್ತಿ ಕೂತಿರಲಿಲ್ಲ ಅನ್ನುವುದು ತನಿಖೆಯಲ್ಲಿ ಗೊತ್ತಾಯಿತು. ಆ ಕಂಡಕ್ಟರ್‌ಗೆ ಏನು ನೋಡಬೇಕು ಅನ್ನುವ ತರಬೇತಿ ಸಾಕಷ್ಟು ಇರಲಿಲ್ಲ. ನೋಡುವುದು ಬೇರೆ, ಏನನ್ನು ನೋಡಬೇಕು ಎಂದು ಗೊತ್ತಿದ್ದು ನೋಡುವುದು ಬೇರೆ. ಒಂದು ಬಿಳಿ ಗೆರೆಗೆ ನಾನು ಇಷ್ಟು ಬೆಲೆ ಕೊಡುವುದು ಅದಕ್ಕೇ.

ಹಸಿರು ಸಿಗ್ನಲ್ ಬಂದರೂ ಎಲ್ಲ ಸರಿ ಇದೆ ಎಂದಲ್ಲ. 1993ರ ಸೆಪ್ಟೆಂಬರ್ 22ರ ಬೆಳಗಿನ ಜಾವ ಅಮೆರಿಕದ ಅಲಬಾಮದ ಬಿಗ್ ಬಯೂ ಕನೋ ಸೇತುವೆಗೆ ಮಂಜಿನಲ್ಲಿ ದಾರಿ ತಪ್ಪಿದ ಬಾರ್ಜ್ ಗುದ್ದಿ, ಸ್ಪ್ಯಾನ್ ಸುಮಾರು ಒಂದು ಮೀಟರ್ ಪಕ್ಕಕ್ಕೆ ಸರಿಯಿತು. ಹಳಿ ಬಾಗಿತು, ಆದರೆ ತುಂಡಾಗಲಿಲ್ಲ. ತುಂಡಾಗದ ಕಾರಣ ಟ್ರ್ಯಾಕ್ ಸರ್ಕ್ಯೂಟ್ ಕಡಿಯಲಿಲ್ಲ, ಸಿಗ್ನಲ್ ಹಸಿರಾಗೇ ಉಳಿಯಿತು. ಕೆಲವೇ ನಿಮಿಷದಲ್ಲಿ ಬಂದ ಪ್ಯಾಸೆಂಜರ್ ರೈಲು ನೀರಿಗೆ ಬಿದ್ದು 47 ಜನ ಸತ್ತರು. ತಿರುಗಿಸಲು ಆಗುವಂತೆ ಕಟ್ಟಿದ, ಆದರೆ ಎಂದೂ ತಿರುಗಿಸದ ಸೇತುವೆ ಅದು. ಟ್ರ್ಯಾಕ್ ಸರ್ಕ್ಯೂಟ್‌ಗೆ ಹಳಿಯ ಉದ್ದಕ್ಕೂ ಕರೆಂಟ್ ಹರಿಯುತ್ತಿದೆಯೇ ಎಂಬುದಷ್ಟೇ ಗೊತ್ತು. ಹಳಿ ನೇರವಾಗಿದೆಯೇ ಎಂಬುದು ಗೊತ್ತಿಲ್ಲ. ದೋಣಿ ಕಂಬಕ್ಕೆ ತಾಗಿದ ಸಣ್ಣ ಸದ್ದು ಕೇಳಿದರೂ ಮೊದಲು ರೈಲು ನಿಲ್ಲಿಸಿ, ಆಮೇಲೆ ಇಳಿದು ಹಳಿಯ ಸಾಲು ನೋಡಿ.

ಬೇಸಿಗೆಯ ಮಧ್ಯಾಹ್ನ ಮಾತ್ರ ಬರುವ ದೋಷ

ಬೆಳಗ್ಗೆ ಚೆನ್ನಾಗಿ ಮುಚ್ಚಿದ ಸೇತುವೆ ಮಧ್ಯಾಹ್ನ ಕೂರುವುದಿಲ್ಲ, ಸಂಜೆ ಮತ್ತೆ ಕೂರುತ್ತದೆ. ಇದನ್ನು ಕೇಳಿದ ಕೂಡಲೇ ಮೀಟರ್ ಒಳಗಿಡಿ. ಇದು ಬಿಸಿಲಿನ ಕೆಲಸ.

ಉಕ್ಕು ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ 0.012 ಮಿ.ಮೀ. ಬೆಳೆಯುತ್ತದೆ. ಕೇಳಲು ಏನೂ ಅನಿಸುವುದಿಲ್ಲ. 60 ಮೀಟರ್ ಸ್ಪ್ಯಾನ್ 25 ಡಿಗ್ರಿ ಬಿಸಿಯಾದರೆ 18 ಮಿ.ಮೀ. ಆಗುತ್ತದೆ. ಹಳಿಗಳ ತುದಿ ಒಂದಕ್ಕೊಂದು ತಾಗಲು ಅಷ್ಟು ಧಾರಾಳ ಸಾಕು. ತಿರುಗುವ ಸೇತುವೆಗೆ ಇನ್ನೊಂದು ತೊಂದರೆ ಇದೆ. ತೆರೆದಾಗ ಅದರ ಎರಡೂ ತುದಿಗಳು ಆಸರೆಯಿಲ್ಲದೆ ಸ್ವಲ್ಪ ಜೋತು ಬೀಳುತ್ತವೆ. ಮುಚ್ಚಿದ ಮೇಲೆ ಬೆಣೆಗಳು ಅವನ್ನು ಮತ್ತೆ ಎತ್ತಬೇಕು. ಬಿಸಿಲಿಗೆ ಮೇಲಿನ ಉಕ್ಕು ಕೆಳಗಿನದಕ್ಕಿಂತ ಜಾಸ್ತಿ ಕಾದರೆ ತುದಿಗಳು ಇನ್ನೂ ಕೆಳಗೆ ಬಾಗುತ್ತವೆ. ಬೆಣೆ ಒಳಗೆ ಹೋಗಲು ಹೆಣಗಾಡುತ್ತದೆ, ಟ್ರಿಪ್ ಆಗುತ್ತದೆ.

ನೀರು ಹೊಡೆಯುವುದು ಹಳೆಯ ಉಪಾಯ, ಇಂದಿಗೂ ನಡೆಯುತ್ತದೆ. 2024ರ ಜುಲೈನಲ್ಲಿ ನ್ಯೂಯಾರ್ಕಿನ ಹಾರ್ಲೆಂ ನದಿಯ ಥರ್ಡ್ ಅವೆನ್ಯೂ ಸೇತುವೆ ಸೆಕೆಗೆ ಹಿಗ್ಗಿ ತೆರೆದಲ್ಲೇ ನಿಂತಾಗ ದೋಣಿಗಳಿಂದ ನೀರು ಹಾರಿಸಿ ತಣ್ಣಗಾಗಿಸಿದರು. ಅದು ರಸ್ತೆ ಸೇತುವೆ, ಉಕ್ಕಿನ ಸ್ವಭಾವ ಮಾತ್ರ ಒಂದೇ. ನೀರನ್ನು ಮೇಲಿನ ಉಕ್ಕಿಗೆ, ಬಿಸಿಲು ಬೀಳುವ ಬದಿಗೆ ಹೊಡೆಯಿರಿ. ಮೋಟರ್, ಬಾಕ್ಸ್‌ಗಳ ಕಡೆ ಬೇಡ.

ಆದರೆ ಪ್ರತಿ ಬೇಸಿಗೆಯಲ್ಲೂ ನೀರು ಬೇಕಾಗುತ್ತಿದ್ದರೆ ಬಿಸಿಲನ್ನು ಮಾತ್ರ ದೂರಬೇಡಿ. ಸೇತುವೆಯ ಆಚೆ ಈಚೆಯ ಹಳಿ ನೋಡಿ. ಗಾಡಿಗಳು ಇಳಿಜಾರಿನಲ್ಲಿ ಬ್ರೇಕ್ ಹಾಕುತ್ತಾ ಬಂದರೆ ಹಳಿ ಸ್ವಲ್ಪ ಸ್ವಲ್ಪವೇ ಸೇತುವೆ ಕಡೆಗೆ ತೆವಳುತ್ತದೆ. ವರ್ಷಗಳಲ್ಲಿ ಇರಬೇಕಾದ ಸಂದು ತಿಂದುಹೋಗಿರುತ್ತದೆ. ಸ್ಲೀಪರ್ ಪಕ್ಕ ಹಳಿಯ ಬುಡದಲ್ಲಿ ಉಜ್ಜಿದ ಹೊಸ ಗೀರು, ಸ್ಲೀಪರ್ ಓರೆಯಾಗಿರುವುದು, ಹಳಿ ಹಿಡಿಯುವ ಆಂಕರ್‌ಗಳು ಸ್ಲೀಪರ್‌ನಿಂದ ದೂರ ಸರಿದಿರುವುದು ಇದರ ಗುರುತುಗಳು. ಮೇಸ್ತ್ರಿಗಳು ಹಳಿಯ ತುದಿಯನ್ನು ದೊಡ್ಡ ಸುತ್ತಿಗೆಯಿಂದ ಹೊಡೆದು ಕೂರಿಸುವುದೂ ಉಂಟು. ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್ ನದಿಯ ಮೇಲಿನ 1910ರ ಪೋರ್ಟಲ್ ಸೇತುವೆಯಲ್ಲಿ ಹಾಗೆ ಮಾಡಬೇಕಾಗಿ ಬಂದದ್ದು ದೊಡ್ಡ ಸುದ್ದಿಯಾಗಿತ್ತು. ಅಂದಿನ ಗಾಡಿ ಹೋಗುತ್ತದೆ, ನಿಜ. ಸುತ್ತಿಗೆ ಎತ್ತಿದ ದಿನವೇ ಸಂದಿನ ಅಳತೆಯನ್ನೂ ಬರೆದಿಟ್ಟು ಹಳಿಯವರಿಗೆ ಕೊಡಿ.

ಭಾರವಾಗಿ ಏರುತ್ತದೆ

ಒಂದು ತುದಿ ಮೇಲೇಳುವ ಬ್ಯಾಸ್ಕ್ಯೂಲ್ ಸೇತುವೆಯಲ್ಲೂ ನೇರವಾಗಿ ಏರುವ ಲಿಫ್ಟ್ ಸೇತುವೆಯಲ್ಲೂ ಮೋಟರ್ ಪೂರ್ತಿ ಭಾರ ಎತ್ತುವುದಿಲ್ಲ. ಸ್ಪ್ಯಾನಿಗೆ ಸರಿದೂಗುವಂತೆ ಕಟ್ಟಿದ ಎದುರು ತೂಕ ಎತ್ತುತ್ತದೆ, ಮೋಟರ್ ಬರೀ ಅಲ್ಲಾಡಿಸುತ್ತದೆ. ಹಾಗಾಗಿ ಕರೆಂಟ್ ಓದಿದರೆ ಸಮತೋಲ ಗೊತ್ತಾಗುತ್ತದೆ. ಗಾಳಿ ಇಲ್ಲದ ದಿನ ತೆರೆಯುವಾಗಿನ ಆಂಪ್ ಮತ್ತು ಮುಚ್ಚುವಾಗಿನ ಆಂಪ್ ಬರೆದುಕೊಳ್ಳಿ. ಎರಡೂ ಏರಿದ್ದರೆ ಉಜ್ಜಾಟ: ಗ್ರೀಸ್ ಇಲ್ಲದ ಬೇರಿಂಗ್, ಹಿಡಿದ ಗೈಡ್ ರೋಲರ್. ತೆರೆಯುವಾಗ ಮಾತ್ರ ಏರಿದ್ದರೆ ಸ್ಪ್ಯಾನ್ ಭಾರವಾಗಿದೆ. ಹೊಸ ಸ್ಲೀಪರ್ ಹಾಕಿದರೇ, ಪೇಂಟ್ ಮೇಲೆ ಪೇಂಟ್ ಬಳಿದರೇ, ಹಿಮ ಕೂತಿದೆಯೇ ಕೇಳಿ. ಮುಚ್ಚುವಾಗ ಏರಿದ್ದರೆ ಎದುರು ತೂಕದ ಗೂಡಿನಲ್ಲಿ ಮಳೆನೀರು ನಿಂತಿರಬಹುದು. ನೀರು ಹೋಗುವ ತೂತಿನಲ್ಲಿ ಹಕ್ಕಿಗೂಡು ಕಟ್ಟಿರುವುದನ್ನು ನಾನೇ ನೋಡಿದ್ದೇನೆ.

ಲಿಫ್ಟ್ ಸೇತುವೆ ಓರೆಯಾಗಿ ನಿಂತರೆ ಮಾತ್ರ ಕೂಡಲೇ ಕೈ ತೆಗೆಯಿರಿ. ಒಂದು ಕಡೆಯ ತಂತಿಹಗ್ಗ ಹಿಗ್ಗಿರಬಹುದು, ಎರಡು ಬದಿಯ ಹೊಂದಾಣಿಕೆ ತಪ್ಪಿರಬಹುದು. ಬಲವಂತ ಮಾಡಿದರೆ ಸ್ಪ್ಯಾನ್ ಗೋಪುರಗಳ ನಡುವೆ ಕಚ್ಚಿಕೊಳ್ಳುತ್ತದೆ.

ದೋಣಿಗೆ ಕಾಣುವ ದೀಪ

ಸ್ಪ್ಯಾನ್ ಮುಚ್ಚಿದ್ದರೆ ಕೆಂಪು, ಪೂರ್ತಿ ತೆರೆದರೆ ಹಸಿರು. ಇದಕ್ಕೂ ಒಂದು ಲಿಮಿಟ್ ಸ್ವಿಚ್ ಇದೆ, ಇದನ್ನು ಯಾರೂ ಪರೀಕ್ಷಿಸುವುದಿಲ್ಲ. ಅದು ಜಾರಿದ್ದರೆ ಸ್ಪ್ಯಾನ್ ಇನ್ನೂ ಸರಿಯುತ್ತಿರುವಾಗಲೇ ಹಸಿರು ಬರುತ್ತದೆ. ರಾತ್ರಿ ನಾವಿಕನಿಗೆ ಸ್ಪ್ಯಾನ್ ಕಾಣುವುದಿಲ್ಲ, ದೀಪ ಮಾತ್ರ ಕಾಣುತ್ತದೆ. ಒಬ್ಬರನ್ನು ಹೊರಗೆ ನಿಲ್ಲಿಸಿ, ಹಸಿರು ಬಂದ ಕ್ಷಣ ಸ್ಪ್ಯಾನ್ ಎಲ್ಲಿತ್ತು ಎಂದು ನೋಡಿಸಿ.

ಕೈಯಿಂದ ತಿರುಗಿಸುವುದಾದರೆ

ಬೇರೆ ದಾರಿ ಇಲ್ಲದಾಗ ಹ್ಯಾಂಡಲ್ ಹಾಕಿ ತಿರುಗಿಸಬಹುದು. ನಿಧಾನ, ಆದರೆ ಆಗುತ್ತದೆ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ. ಹ್ಯಾಂಡಲ್ ಹಿಡಿದಿರುವಾಗ ಕ್ಯಾಬಿನ್‌ನಲ್ಲಿ ಯಾರೋ ಬಟನ್ ಒತ್ತಿದರೆ ಅದು ಮೋಟರ್ ಜೊತೆ ತಿರುಗಿ ಕೈ ಮುರಿಯುತ್ತದೆ. ಎದುರು ಗಾಳಿ ಜೋರಾಗಿದ್ದರೆ ಶುರು ಮಾಡಲೇಬೇಡಿ. ಅರ್ಧದಲ್ಲಿ ಸುಸ್ತಾದರೆ ದೋಣಿಗೂ ಇಲ್ಲ, ರೈಲಿಗೂ ಇಲ್ಲ.

ಮತ್ತೆ ಬಿಟ್ಟುಕೊಡುವ ಮುನ್ನ

ಹುಡುಕುವಾಗ ಒಂದು ಸ್ವಿಚ್ಚನ್ನು ಬಿಟ್ಟು ಕರೆಂಟ್ ದಾಟಿಸಲು ಹಾಕಿದ ಪ್ರತಿ ಜಂಪರ್ ತಂತಿಯನ್ನೂ ಎಣಿಸಿ ತೆಗೆಯಿರಿ. ಎಷ್ಟು ಹಾಕಿದಿರಿ ಎಂದು ಹಾಕುವಾಗಲೇ ಬರೆದಿರಬೇಕು. ಸಿಗ್ನಲ್ ಸರ್ಕ್ಯೂಟ್‌ನಲ್ಲಿ ಒಂದೇ ಒಂದು ಜಂಪರ್ ಉಳಿದರೂ, ಸ್ಪ್ಯಾನ್ ತೆರೆದಿರುವಾಗ ಹಸಿರು ಬರಬಹುದು. ಬೈಪಾಸ್ ಕೀ ತೆಗೆದು ಅದರ ಜಾಗದಲ್ಲಿ ಸೀಲ್ ಮಾಡಿ.

ದೋಣಿ ದೂರದಲ್ಲಿದ್ದರೆ, ಕಂಟ್ರೋಲರ್ ಸಮಯ ಕೊಟ್ಟರೆ, ಮೂರು ಸಲ ಪೂರ್ತಿ ತೆರೆದು ಮುಚ್ಚಿ. ಒಂದೇ ಸಲ ಸರಿಬಂದರೆ ಅದು ಅದೃಷ್ಟವೂ ಇರಬಹುದು. ಮೂರನೇ ಸಲ ಮುಚ್ಚಿದಾಗ ಪ್ಯಾನೆಲ್ ನೋಡುತ್ತಾ ಕೂರದೆ ಸ್ಪ್ಯಾನಿನ ಎರಡೂ ತುದಿಗೆ ನಡೆದು ಹೋಗಿ. ಬಿಳಿ ಗೆರೆ ಗೂಡಿನೊಳಗೆ ಮರೆಯಾಗಿದೆಯೇ ನೋಡಿ, ಬೆಣೆಯ ಕೆಳಗೆ ಬೆಳಕು ಕಾಣುತ್ತದೆಯೇ ನೋಡಿ, ಹಳಿಯ ಜೋಡಣೆಯ ಮೇಲೆ ಅಂಗೈ ಸವರಿ. ಆಮೇಲೆ ಕಂಟ್ರೋಲರ್‌ಗೆ ಫೋನ್ ಮಾಡಿ, ಕಾಯುತ್ತಿರುವ ನಾವಿಕನನ್ನು ರೇಡಿಯೊದಲ್ಲಿ ಕರೆಯಿರಿ. ನಾನೇ ಕರೆಯುತ್ತೇನೆ ಎಂದು ಅವನಿಗೆ ಹೇಳಿದ್ದಿರಿ.